ಆಕ್ಲೆಂಡಿನ ಶಾಲೆಯಲ್ಲಿ ಕಪ ಹಾಕಾ ಕಲಿಸುತ್ತಾ

ಆಕ್ಲೆಂಡಿನ ಒಂದು ಪ್ರೈಮರಿ ಶಾಲೆಯಲ್ಲಿ ನಾನು ಟೀಚರ್. ಕಪ ಹಾಕಾ ಅಂದರೆ ನ್ಯೂಜಿಲೆಂಡಿನ ಮೂಲನಿವಾಸಿಗಳಾದ ಮಾವೋರಿ ಜನ ಗುಂಪಾಗಿ ಹಾಡಿ ಕುಣಿಯುವ ಕಲೆ. ನಮ್ಮ ಕಪ ಹಾಕಾ ತಂಡಕ್ಕೆ ಮಾವೋರಿ ಗುರು ಒಬ್ಬರು ಹೊರಗಿನಿಂದ ಬರುತ್ತಾರೆ. ಯಾವ ಹಾಡು, ಯಾವ ಹೆಜ್ಜೆ ಅನ್ನೋದು ಅವರದೇ ತೀರ್ಮಾನ. ಮಿಕ್ಕ ದಿನಗಳಲ್ಲಿ ಅಭ್ಯಾಸ ಮಾಡಿಸುವುದು ನನ್ನ ಕೆಲಸ.

ಹಾಕಾ ಅಂದ ಕೂಡಲೇ ನಮ್ಮವರಿಗೆ ನೆನಪಾಗೋದು ರಗ್ಬಿ ಆಟಗಾರರು ತೊಡೆ ತಟ್ಟಿ ನಾಲಿಗೆ ಚಾಚುವುದು, ಅಲ್ವಾ? ಅದು ಒಂದು ಭಾಗ ಅಷ್ಟೇ. ಪೂರ್ತಿ ಪ್ರದರ್ಶನದಲ್ಲಿ ಪ್ರವೇಶದ ಹಾಡು, ಹಳೆಯ ಪಠಣ, ಕೈಸನ್ನೆಯ ಹಾಡು, ಪೋಯಿ (ದಾರಕ್ಕೆ ಕಟ್ಟಿದ ಉಂಡೆ ತಿರುಗಿಸುತ್ತಾ ಹಾಡುವುದು), ಹಾಕಾ, ಕೊನೆಗೆ ಹೊರಡುವ ಹಾಡು, ಇಷ್ಟೂ ಇರುತ್ತವೆ. ಹುಡುಗರಿಗೆ ಮೊದಲ ದಿನವೇ ಹಾಕಾ ಬೇಕು. ನಾನು ಕೊಡುವುದಿಲ್ಲ. ಮೊದಲು ಉಚ್ಚಾರ.

ಇಲ್ಲಿ ಕನ್ನಡ ನನ್ನ ಕೈ ಹಿಡಿಯಿತು. ಮಾವೋರಿಯಲ್ಲಿ ಐದು ಸ್ವರ, ಐದಕ್ಕೂ ಹ್ರಸ್ವ, ದೀರ್ಘ ಉಂಟು. ಪದಗಳೆಲ್ಲ ಸ್ವರದಲ್ಲೇ ಮುಗಿಯುತ್ತವೆ. ನಾವು ವರ್ಣಮಾಲೆಯಲ್ಲಿ ಕಲಿತು ಅಲ್ಲೇ ಬಿಟ್ಟ 'ಙ' ಇಲ್ಲಿ ಪದದ ಮೊದಲಿಗೇ ಬರುತ್ತದೆ: ಙಾ ಮಿಹಿ, ಅಂದರೆ ವಂದನೆಗಳು! ಮಕ್ಕಳಿಗೆ ಚಪ್ಪಾಳೆಯಲ್ಲಿ ಹೇಳಿಕೊಡುತ್ತೇನೆ. ಹ್ರಸ್ವಕ್ಕೆ ಒಂದು, ದೀರ್ಘಕ್ಕೆ ಎರಡು, ನಮ್ಮ ಲಘು ಗುರು ಪ್ರಸ್ತಾರದ ಹಾಗೆ.

ಆಮೇಲೆ ಪೋಯಿ. ಹಿಂದೆ ಜೊಂಡಿನ ಎಲೆಯಿಂದ ಮಾಡುತ್ತಿದ್ದರು. ನಾವು ಸ್ಪಂಜಿನ ಉಂಡೆಗೆ ಪ್ಲಾಸ್ಟಿಕ್ ಸುತ್ತಿ, ಉಲ್ಲನ್ ದಾರವನ್ನು ಜಡೆ ಹೆಣೆದು ಕಟ್ಟುತ್ತೇವೆ. ಗಂಟು ಸಡಿಲವಾದರೆ ಉಂಡೆ ಎಲ್ಲಿಗೆ ಹಾರುತ್ತೋ ಹೇಳೋಕಾಗಲ್ಲ, ಹಾಗಾಗಿ ಅಭ್ಯಾಸ ಹೊರಗೆ, ಹುಲ್ಲಿನ ಮೇಲೆ. ತಿರುಗಿಸಬೇಕಾದ್ದು ಮಣಿಕಟ್ಟು, ತೋಳಲ್ಲ. ಎಲ್ಲರ ಪೋಯಿಯೂ ಒಂದೇ ಸಲ ಅಂಗೈಗೆ ತಟ್ಟುವ ತನಕ ಹಾಡು ಸೇರಿಸುವುದಿಲ್ಲ.

ಕಷ್ಟದ್ದು ವಿರಿ, ಅಂದರೆ ಬೆರಳು ನಡುಗಿಸುವುದು. ಮಕ್ಕಳು ಟಾಟಾ ಮಾಡಿದಂತೆ ಕೈ ಬೀಸುತ್ತಾರೆ. 'ಇನ್ನೂ ಜೋರಾಗಿ' ಅಂದರೆ ಇನ್ನೂ ಕೆಡುತ್ತದೆ. ಗುರುಗಳು ಒಂದು ಕಥೆ ಹೇಳಿದರು. ಸೂರ್ಯ ತಾಮಾ ನುಯಿ ತೆ ರಾ, ಬೇಸಿಗೆಯ ಹೆಣ್ಣು ಹಿನೆ ರಾಉಮತಿ. ಅವರ ಮಗ ತಾನೆ ರೋರೆ ಅಮ್ಮನಿಗಾಗಿ ಕುಣಿಯುತ್ತಾನೆ. ಸುಡುಬಿಸಿಲಲ್ಲಿ ನೆಲದ ಮೇಲೆ ಗಾಳಿ ನಡುಗುವುದು ಅವನ ಕುಣಿತವೇ. ಕೇಳಿದ ಮಕ್ಕಳು ಬೀಸುವುದನ್ನು ಬಿಟ್ಟು ಬೆರಳ ತುದಿ ಅಲ್ಲಾಡಿಸತೊಡಗಿದರು. ಈಗ ಯಾವ ಚಲನೆಗೂ ಕಥೆ ಮೊದಲು, ಎಣಿಕೆ ಆಮೇಲೆ.

ಹಾಕಾ ಕೊನೆಗೆ. ಸುಮ್ನೆ ಯೂಟ್ಯೂಬ್ ನೋಡಿ, ರಗ್ಬಿಯಿಂದ ಹೆಸರಾದ 'ಕಾ ಮಾತೆ' ಹಾಕಾ ಮಾಡಿಸುವುದು ನನಗೆ ಸರಿ ಕಾಣುವುದಿಲ್ಲ. ಅದು ಙಾತಿ ತೋಆ ಜನರ ನಾಯಕ ತೆ ರಾಉಪರಾಹಾ ಕಟ್ಟಿದ್ದು. ಆ ಹೆಸರಿಗೆ ಮನ್ನಣೆ ಸಿಗಲೆಂದು 2014ರಲ್ಲಿ ಕಾನೂನೇ ಬಂತು. ನಮ್ಮ ಗುರುಗಳು ಕೊಟ್ಟ ಹಾಕಾ ನಮಗೆ ಸಾಕು.

'ಮ್ಯಾಥ್ಸ್ ಬಿಟ್ಟು ಇದೆಲ್ಲ ಯಾಕೆ ಮೇಡಂ?' ಅಂತ ನಮ್ಮ ಊರಿನ ಕಡೆಯ ಅಪ್ಪ ಅಮ್ಮಂದಿರು ಕೇಳುತ್ತಾರೆ. ಹೈಸ್ಕೂಲಿನಲ್ಲಿ 'ತೆ ಆವೋ ಹಾಕಾ' ಅಂತ ಒಂದು ವಿಷಯವೇ ಇದೆ, ಯೂನಿವರ್ಸಿಟಿ ಪ್ರವೇಶಕ್ಕೂ ಲೆಕ್ಕಕ್ಕೆ ಬರುತ್ತದೆ ಅಂದರೆ ಮುಖ ಅರಳುತ್ತದೆ. ಅಂಕದ ಮಾತನ್ನು ನಾನಾಗಿ ಎತ್ತುವುದಿಲ್ಲ. ಅಭ್ಯಾಸಕ್ಕೆ ಬಂದು ಒಂದು ಸಲ ಪೋಯಿ ತಿರುಗಿಸಿ ನೋಡಿ ಅನ್ನುತ್ತೇನೆ.