ಪುಣೆಯ ಬಾಲ್ಕನಿಗೆ ಒಗ್ಗುವ ಗಡ್ಡೆ ಹೂಗಳು

ಟ್ಯುಲಿಪ್ ಗಡ್ಡೆ ನಾನು ಕೊಳ್ಳುವುದಿಲ್ಲ. ಹೂದಂಟು ಸರಿಯಾಗಿ ಏಳಬೇಕಾದರೆ ಅದಕ್ಕೆ 12–14 ವಾರ 9 ಡಿಗ್ರಿಯೊಳಗಿನ ತಂಪು ಬೇಕು. ಪುಣೆಯಲ್ಲಿ ಜನವರಿಯ ರಾತ್ರಿ ತಾಪಮಾನ 10 ಡಿಗ್ರಿಗೆ ಇಳಿದರೂ ಮಧ್ಯಾಹ್ನ ಮತ್ತೆ ಸೆಕೆ. ಫ್ರಿಜ್‌ನಲ್ಲಿಟ್ಟು ಒಮ್ಮೆ ಹೂ ತರಿಸಬಹುದು. ಮರುವರ್ಷ ಬರೀ ಎಲೆ, ಅದೂ ಬಂದರೆ. ನಾನು ಆರಿಸುವುದು ಮಳೆಗೆ ಎದ್ದು ಚಳಿಗೆ ಮಲಗುವ ಗಡ್ಡೆಗಳನ್ನು.

ಮೊದಲ ಆಯ್ಕೆ ಅಗ್ನಿಶಿಖೆ, ನಮ್ಮ ಕಡೆಯ ಕೋಳಿಕುಟುಮ. ಇಲ್ಲಿನ ನರ್ಸರಿಯಲ್ಲಿ ‘ಕಳಲಾವಿ’ ಎಂದು ಕೇಳಿ. ಗಡ್ಡೆ ಇಂಗ್ಲಿಷಿನ ‘ವಿ’ ಆಕಾರದ್ದು. ಮೊಳಕೆ ಬರುವುದು ತುದಿಯ ಕಣ್ಣಿನಿಂದ ಮಾತ್ರ. ಆ ತುದಿ ಜಜ್ಜಿದ್ದರೆ ಉಳಿದದ್ದು ಎಷ್ಟು ದಪ್ಪಗಿದ್ದರೂ ವ್ಯರ್ಥ. 50 ಗ್ರಾಂ ಮೇಲ್ಪಟ್ಟದ್ದನ್ನು ಆರಿಸಿ, ಸಣ್ಣವು ಮೊದಲ ವರ್ಷ ಹೂ ಬಿಡುವುದು ಕಷ್ಟ. ಮೇ ಕೊನೆಗೆ 10 ಇಂಚಿನ ಕುಂಡದಲ್ಲಿ ಎರಡು ಇಂಚು ಆಳಕ್ಕೆ ಅಡ್ಡಡ್ಡ ಮಲಗಿಸುತ್ತೇನೆ. ಈ ಬಳ್ಳಿ ಹಬ್ಬುವುದು ಎಲೆಯ ತುದಿಯ ಕುಡಿಯಿಂದ. ದಪ್ಪ ಬಿದಿರನ್ನು ಆ ಕುಡಿ ಸುತ್ತಲಾರದು, ತೆಳು ತಂತಿಯೋ ಪೊರಕೆಕಡ್ಡಿಯೋ ಬೇಕು.

ನೆಲಸಂಪಿಗೆಯದು ಬೇರೆ ಲೆಕ್ಕ. ಬೇಸಿಗೆಯಲ್ಲಿ ಎಲೆಯೇ ಇಲ್ಲದ ಕುಂಡದ ಮಣ್ಣು ಸೀಳಿಕೊಂಡು ನೇರಳೆ-ಬಿಳಿ ಹೂ ಏಳುತ್ತದೆ. ಒಂದು ಹೂವಿಗೆ ಒಂದೇ ದಿನದ ಆಯುಸ್ಸು, ಆದರೆ ಪರಿಮಳ! ಬಿಸಿಲಿಲ್ಲದ ಬಾಲ್ಕನಿಯವರಿಗೆ ಅಮೆಜಾನ್ ಲಿಲಿ. ಮೂರು ವಾರ ನೀರು ಕಡಿಮೆ ಮಾಡಿ, ಆಮೇಲೆ ಚೆನ್ನಾಗಿ ಕೊಟ್ಟರೆ ಮೊಗ್ಗಿಗೆ ಪ್ರಚೋದನೆ. ಫೈರ್‌ಬಾಲ್ ಲಿಲಿಯನ್ನಂತೂ ಪದೇ ಪದೇ ಕಿತ್ತು ನೆಡಬೇಡಿ, ಕುಂಡ ಇಕ್ಕಟ್ಟಾದಷ್ಟೂ ಅದಕ್ಕೆ ಹಿತ.

ಇಲ್ಲಿನ ಕಪ್ಪು ಮಣ್ಣು ನೀರು ಹಿಡಿದು ಉಬ್ಬುತ್ತದೆ. ಗಡ್ಡೆ ಕೊಳೆಯುವುದು ಅಲ್ಲೇ. ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಒರಟು ಮರಳು, ಒಂದು ಪಾಲು ಎರೆಹುಳು ಗೊಬ್ಬರ, ಕುಂಡಕ್ಕೊಂದು ಹಿಡಿ ಬೇವಿನ ಹಿಂಡಿ. ಜುಲೈಯಲ್ಲಿ ಕುಂಡದಡಿಯ ತಟ್ಟೆ ತೆಗೆದುಬಿಡಿ.

ಮಳೆಗಾಲದ ಶತ್ರು ಲಿಲಿ ಹುಳು. ಕಪ್ಪು ಮೈ, ಬಿಳಿ-ಕೆಂಪು ಚುಕ್ಕಿ, ನೋಡಲು ಚೆಂದ. ಗುಂಪು ಬಿದ್ದರೆ ಅಗ್ನಿಶಿಖೆಯ ಬಳ್ಳಿಯಲ್ಲಿ ಎಲೆ ಉಳಿಸುವುದಿಲ್ಲ. ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆ, ನಾಲ್ಕು ಹನಿ ಸೋಪು ದ್ರಾವಣ ಬೆರೆಸಿ ಸಂಜೆ ಸಿಂಪಡಿಸಿದರೆ ಮರಿಹುಳುಗಳಿಗೆ ಸಾಕು. ಬಲಿತವನ್ನು ಕೈಯಿಂದಲೇ ಆರಿಸಬೇಕು.

ಸಾತಾರಾ ಬಳಿಯ ಕಾಡುಹೂಗಳ ಬಯಲು ಕಾಸ್ ಪಠಾರದಂಥ ಕಡೆ ಹೋದಾಗ ಗಡ್ಡೆ ಕಿತ್ತು ತರುವ ಚಾಳಿ ಬೇಡ. ಅದು ತಪ್ಪು ಎನ್ನುವುದು ಒಂದು ಕಡೆಗಿರಲಿ, ಹೂವಿರುವಾಗ ಕಿತ್ತ ಗಡ್ಡೆ ಮುಂದಿನ ವರ್ಷದ ಬುತ್ತಿಯನ್ನು ಇನ್ನೂ ಕಟ್ಟಿಕೊಂಡಿರುವುದಿಲ್ಲ.

ನವೆಂಬರ್ ಹೊತ್ತಿಗೆ ಅಗ್ನಿಶಿಖೆ, ನೆಲಸಂಪಿಗೆಯ ಎಲೆ ಹಳದಿಯಾಗುತ್ತದೆ. ಹಸಿರಿರುವಾಗ ಕತ್ತರಿಸಬೇಡಿ, ತಾನಾಗಿ ಒಣಗಿದ ಮೇಲೆ ನೀರು ನಿಲ್ಲಿಸಿ, ಅಕಾಲ ಮಳೆ ಒಳಗಿಳಿಯದಂತೆ ಕುಂಡವನ್ನು ಕಿಟಕಿ ಮೇಲಿನ ಸಜ್ಜಾ ಕೆಳಗೆ ಅಡ್ಡ ಮಲಗಿಸಿ. ಹೆಸರು ಬರೆದ ಪಟ್ಟಿ ಇರಲಿ, ಪೆನ್ಸಿಲ್‌ನಲ್ಲಿ. ಪೆನ್ನಿನ ಶಾಯಿ ಬಿಸಿಲಿಗೆ ಅಳಿಸಿಹೋಗುತ್ತದೆ. ಹೆಸರಿಲ್ಲದ ಒಣ ಕುಂಡವನ್ನು ಸತ್ತಿದೆಯೆಂದು ಕೆಲಸದವರು ಸುರಿದುಬಿಡುತ್ತಾರೆ. ಅಗ್ನಿಶಿಖೆಯ ಗಡ್ಡೆಯನ್ನು ಹೊರತೆಗೆದು ಇಡುವುದಾದರೆ ಅಡುಗೆಮನೆಯಿಂದ ದೂರ, ಮಕ್ಕಳ ಕೈಗೆ ಸಿಗದಲ್ಲಿ ಇಡಿ. ಗೆಣಸಿನಂತೆಯೇ ಕಾಣುತ್ತದೆ, ಒಳಗಿರುವುದು ಕೊಲ್ಚಿಸಿನ್ ಎಂಬ ವಿಷ.