ಅಗಲ ಟೈರ್, ಕಡಿಮೆ ಗಾಳಿ: ದೂರದ ಸವಾರಿಯಲ್ಲಿ ನನ್ನ ಅನುಭವ

ದೂರದ ಸವಾರಿ ಮಾಡುವವರು ಪರಿಚಯ ಮಾಡಿಕೊಳ್ಳುವಾಗ ಹೆಸರು ಕೊನೆಗೆ ಬರುತ್ತದೆ. ಮೊದಲು ಸೈಕಲ್, ಆಮೇಲೆ ಟೈರ್, ಆಮೇಲೆ ಗೇರ್. ಅದಾದ ಮೇಲೆ "600ರಲ್ಲಿ ಎಷ್ಟು ಹೊತ್ತು ಮಲಗ್ತೀರಿ?" ಅನ್ನುವ ಪ್ರಶ್ನೆ; 600 ಅಂದರೆ 600 ಕಿ.ಮೀ. ಸವಾರಿ. ಅದೇ ಕ್ರಮದಲ್ಲಿ ನನ್ನದನ್ನೂ ಹೇಳಿಬಿಡುತ್ತೇನೆ. ಸ್ಟೀಲ್ ಫ್ರೇಮ್, ಡಿಸ್ಕ್ ಬ್ರೇಕ್. 650ಬಿ ಗಾಲಿ (ಮಾಮೂಲಿ ರೋಡ್ ಸೈಕಲ್ಲಿನ 700ಸಿಗಿಂತ ಚಿಕ್ಕ ಅಳತೆ), 42 ಮಿ.ಮೀ. ಅಗಲದ ಟೈರ್. ಗಾಳಿ ಹಿಂದೆ 40 ಪಿಎಸ್‌ಐ ಆಸುಪಾಸು (ಪಿಎಸ್‌ಐ ಅಂದರೆ ಗಾಳಿಯ ಒತ್ತಡದ ಅಳತೆ), ಮುಂದೆ 34. ಗೇರಿನ ಹಲ್ಲುಗಳು ಮುಂದೆ (ಚೈನ್‌ರಿಂಗ್) 46-30, ಹಿಂದೆ (ಕ್ಯಾಸೆಟ್) 11-34. ನನ್ನ ತೂಕ 88 ಕೆಜಿ ಇರಬಹುದು. ಸೈಕಲ್ಲು, ಬ್ಯಾಗು, ನೀರು ಎಲ್ಲಾ ಸೇರಿದರೆ 105 ದಾಟುತ್ತದೆ. 200ರಿಂದ 1200 ಕಿ.ಮೀ.ವರೆಗಿನ ಬ್ರೆವೆಗಳನ್ನು (ಗೊತ್ತುಪಡಿಸಿದ ಸಮಯದೊಳಗೆ ಮುಗಿಸಬೇಕಾದ ದೂರದ ಸವಾರಿಗಳು) ಈ ಗಾಲಿಗಳ ಮೇಲೆಯೇ ಮುಗಿಸಿದ್ದೇನೆ, ಟೈಮ್ ಕೈಯಲ್ಲಿ ಇಟ್ಟುಕೊಂಡೇ.

ಈಗ 42 ಅಂದರೆ ಬಗ್ಗಿ ನೋಡುತ್ತಾರೆ, ಯಾವ ರಿಮ್ ಅಂತ ಕೇಳುತ್ತಾರೆ. ಶುರುವಿನಲ್ಲಿ ಹಾಗಿರಲಿಲ್ಲ. ನಮ್ಮ ಗುಂಪಿನಲ್ಲಿ ಎಲ್ಲರದೂ 25 ಇಲ್ಲವೇ 28, ಗಾಳಿ 90ರ ಮೇಲೆ. ನನ್ನ ಸೈಕಲ್ಲಿಗೆ ಟ್ರ್ಯಾಕ್ಟರ್ ಅಂತ ಹೆಸರಿಟ್ಟರು. "400ರಲ್ಲೇ ಟೈಮ್ ಔಟ್ ಆಗ್ತೀಯ, ಬರೆದಿಟ್ಕೋ" ಎಂದು ಮುಖಕ್ಕೇ ಹೇಳಿದವರಿದ್ದರು. ಅವರಲ್ಲಿ ಇಬ್ಬರು ಮೂವರು ಈಗ 35ಕ್ಕೋ 38ಕ್ಕೋ ಬಂದಿದ್ದಾರೆ. ಒಬ್ಬರಂತೂ ನನ್ನ ಹಳೆಯ ಟೈರ್ ಜೋಡಿಯನ್ನೇ ಕೊಂಡುಕೊಂಡರು. ಎಲ್ಲರೂ ಕೇಳುವುದು ಅದೇ ಪ್ರಶ್ನೆಗಳನ್ನು. ಅದಕ್ಕೇ ಒಂದು ಸಲ ಕೂತು ಬರೆದುಬಿಡೋಣ ಅನ್ನಿಸಿತು.

ನನಗೆ ಬೇಕಾಗಿದ್ದದ್ದು ವೇಗವಲ್ಲ, ಬೆರಳು. 300 ದಾಟಿದ ಮೇಲೆ ಕಿರುಬೆರಳು, ಉಂಗುರ ಬೆರಳು ಮರಗಟ್ಟುತ್ತಿದ್ದವು. ಅಂಗೈ ಬುಡದಲ್ಲಿ ಹಾದುಹೋಗುವ ಅಲ್ನಾರ್ ನರದ ಮೇಲೆ ಒತ್ತಡ, ಅದರ ಜೊತೆಗೆ ರಸ್ತೆಯ ನಡುಕ. ಒಂದು 600 ಆದ ಮೇಲೆ ಎರಡು ವಾರ ಅಂಗಿಯ ಗುಂಡಿ ಹಾಕಲು ಆಗಲಿಲ್ಲ, ಪೆನ್ನು ಹಿಡಿದರೆ ಜಾರುತ್ತಿತ್ತು.

ಇದಕ್ಕೆ ಸುರಿದ ದುಡ್ಡು ಕೇಳಿ. ಜೆಲ್ ಗ್ಲೌಸ್ ಮೂರು ತರದ್ದು. ಬಾರ್ ಟೇಪ್ ಡಬಲ್ ಸುತ್ತಿದ್ದು. ಕಾರ್ಬನ್ ಹ್ಯಾಂಡಲ್‌ಬಾರ್. ಸ್ಪ್ರಿಂಗ್ ಇರುವ ಸ್ಟೆಮ್. ಬೈಕ್ ಫಿಟ್ಟಿಂಗ್ (ಮೈ ಅಳತೆಗೆ ಸೈಕಲ್ ಹೊಂದಿಸುವುದು) ಎರಡು ಕಡೆ. ಫಿಟ್ಟಿಂಗ್‌ನಿಂದ ಬೆನ್ನಿಗೆ ನಿಜವಾಗಿ ಲಾಭ ಆಯಿತು, ಅದನ್ನು ಬೈಯಲ್ಲ. ಬೆರಳಿಗೆ ಮಾತ್ರ ಯಾವುದೂ ಪೂರ್ತಿ ಕೆಲಸ ಮಾಡಲಿಲ್ಲ. ಜೆಲ್ ದಪ್ಪ ಇದ್ದಷ್ಟೂ ಒಂದೇ ಜಾಗಕ್ಕೆ ಒತ್ತುತ್ತದೆ, ತೆಳು ಗ್ಲೌಸೇ ವಾಸಿ. ಕಾರ್ಬನ್ ಬಾರ್ ಇನ್ನೂ ಡಬ್ಬದಲ್ಲಿದೆ. ಅದೊಂದರ ದುಡ್ಡಿಗೆ ಒಳ್ಳೆಯ ಟೈರ್ ಮೂರು ಜೊತೆ ಬರುತ್ತಿದ್ದವು. ನಡುಕ ಒಳಗೆ ಬರುವುದು ಟೈರ್‌ನಿಂದ. ಅಲ್ಲಿ ತಡೆಯದೆ ಹ್ಯಾಂಡಲ್ ಹತ್ತಿರ ತಡೆಯಲು ಹೋದರೆ ದುಬಾರಿಯೇ.

ಟೈರ್ ಬದಲಿಸುವ ಮೊದಲ ಪ್ರಯತ್ನವೂ ಕೈಕೊಟ್ಟಿತು. ಫ್ರೇಮಿನಲ್ಲಿ ಹಿಡಿಸುವ ಅಗಲ ನೋಡಿ 32ರ ಟೂರಿಂಗ್ ಟೈರ್ ಹಾಕಿದೆ. ಒಳಗೆ ಪಂಕ್ಚರ್ ತಡೆಯುವ ದಪ್ಪ ಪಟ್ಟಿ, ಪಕ್ಕದಲ್ಲಿ ಗಟ್ಟಿ ಸೈಡ್‌ವಾಲ್. ಪಂಕ್ಚರ್ ಆಗಲೇ ಇಲ್ಲ, ನಿಜ. ಆದರೆ ಸೈಕಲ್ ಸತ್ತಂತೆ ಓಡುತ್ತಿತ್ತು. ಗಾಳಿ ಇಳಿಸಿದರೂ ಮೆತ್ತಗಾಗಲಿಲ್ಲ, ಇನ್ನಷ್ಟು ಭಾರ ಎನಿಸಿತು ಅಷ್ಟೇ. ಅಗಲ ಟೈರ್ ಹಾಕಿ ಬೇಜಾರಾಗಿ ವಾಪಸ್ 25ಕ್ಕೆ ಹೋದವರು ಬಹಳ ಜನ ಇಲ್ಲೇ ಎಡವಿರುತ್ತಾರೆ ಎಂದು ನನ್ನ ಅಂದಾಜು. ಅಗಲಕ್ಕಿಂತ ಕೇಸಿಂಗ್ (ರಬ್ಬರಿನ ಒಳಗಿನ ಬಟ್ಟೆಯ ಪದರ) ಮುಖ್ಯ. ಗಾಳಿ ಇಲ್ಲದ ಟೈರನ್ನು ಎರಡು ಬೆರಳಲ್ಲಿ ಹಿಸುಕಿ ನೋಡಿ. ಬಟ್ಟೆಯ ಹಾಗೆ ಮಡಚಿಕೊಂಡರೆ ತೆಗೆದುಕೊಳ್ಳಿ. ತನ್ನಷ್ಟಕ್ಕೇ ಗಟ್ಟಿಯಾಗಿ ನಿಂತರೆ, ಎಷ್ಟೇ ಅಗಲ ಇದ್ದರೂ ಬೇಡ. ಮೆತ್ತನೆ ಕೇಸಿಂಗ್ ಬೆಲೆ ಸಾಧಾರಣ ಟೈರಿನ ಎರಡೂವರೆ ಪಟ್ಟು, ಕೆಲವೊಮ್ಮೆ ಮೂರು ಪಟ್ಟು. ಅದಕ್ಕೆ ತಯಾರಿರಬೇಕು.

ಆಮೇಲೆ 650ಬಿಗೆ ಹೋಗುವ ಯೋಚನೆ. ಲೆಕ್ಕ ಹೀಗಿದೆ. 700ಸಿ ರಿಮ್ಮಿನಲ್ಲಿ ಬೀಡ್ (ಟೈರಿನ ಒಳ ಅಂಚು) ಕೂರುವ ಜಾಗದ ವ್ಯಾಸ 622 ಮಿ.ಮೀ., 650ಬಿಯದು 584. 622ಕ್ಕೆ 23ರ ಟೈರ್ ಹಾಕಿದರೆ ಹೊರ ವ್ಯಾಸ 668. 584ಕ್ಕೆ 42ರ ಟೈರ್ ಹಾಕಿದರೂ 668. ಅಂದರೆ ಪೆಡಲ್ ನೆಲಕ್ಕೆ ಹತ್ತಿರ ಬರಲಿಲ್ಲ, ಗೇರ್ ಲೆಕ್ಕ ಬದಲಾಗಲಿಲ್ಲ, ಮೀಟರಿನಲ್ಲಿ 23ರ ಟೈರಿನ ಸುತ್ತಳತೆ 2096 ಮಿ.ಮೀ. ಅನ್ನೇ ಬಿಟ್ಟರೂ ಹೆಚ್ಚು ಕಡಿಮೆ ಸರಿ. ನಾನು ನನ್ನ ತೂಕ ಹಾಕಿ ಒಂದು ಸುತ್ತು ಉರುಳಿಸಿ ಅಳೆದಾಗ 2080ರ ಹತ್ತಿರ ಬಂತು. ರಿಮ್ ಬ್ರೇಕ್ ಇದ್ದರೆ ಪ್ಯಾಡ್ 19 ಮಿ.ಮೀ. ಕೆಳಗೆ ಬರಬೇಕು, ಅಷ್ಟು ಉದ್ದದ ಬ್ರೇಕ್ ಸಿಗುವುದು ಕಷ್ಟ. ಡಿಸ್ಕ್ ಇದ್ದವರಿಗೆ ಆ ತಲೆನೋವಿಲ್ಲ. ಅಳೆಯಬೇಕಾದದ್ದು ಚೈನ್‌ಸ್ಟೇ (ಹಿಂದಿನ ಗಾಲಿಯ ಎರಡೂ ಬದಿಯ ಫ್ರೇಮ್ ಕೊಳವೆ) ನಡುವಿನ ಜಾಗ. ಗಾಲಿ ಚಿಕ್ಕದಾದ ಕಾರಣ ಟೈರಿನ ಅಗಲ ಭಾಗ ಪೆಡಲ್ ಅಚ್ಚು ಕೂರುವ ಬಾಟಮ್ ಬ್ರಾಕೆಟ್‌ನಿಂದ ಸ್ವಲ್ಪ ಹಿಂದಕ್ಕೆ ಸರಿಯುತ್ತದೆ, ಅಲ್ಲಿ ಸ್ಟೇಗಳ ನಡುವೆ ಜಾಗ ಸಾಮಾನ್ಯವಾಗಿ ಜಾಸ್ತಿ. ನನಗೆ ಎರಡೂ ಕಡೆ ನಾಲ್ಕು ಮಿ.ಮೀ. ಉಳಿಯಿತು. ಅದಕ್ಕಿಂತ ಕಡಿಮೆ ಇದ್ದರೆ ಕೆಸರಲ್ಲಿ ಫ್ರೇಮ್ ಬಣ್ಣ ಹೋಗುತ್ತದೆ.

ಗಾಲಿಗಳಿಗೇ ಸೈಕಲ್ ಬೆಲೆಯ ಮೂರನೇ ಒಂದು ಪಾಲು ಹೋಯಿತು. ಮುಂದೆ ಡೈನಮೊ ಹಬ್ (ಗಾಲಿ ತಿರುಗಿದಾಗ ದೀಪಕ್ಕೆ ಕರೆಂಟ್ ಕೊಡುವುದು) ಬೇಕೇ ಬೇಕು ಎಂದು ಹಟ ಹಿಡಿದಿದ್ದೆ, ಹಾಗಾಗಿ ಜಾಸ್ತಿ ಆಯಿತು. ಮೊದಲು ಸೆಕೆಂಡ್ ಹ್ಯಾಂಡ್ ರಿಮ್ ಕೊಂಡಿದ್ದೆ. ಬೀಡ್ ಕೂರುವ ಜಾಗ ಸಡಿಲ. ಟ್ಯೂಬ್‌ಲೆಸ್ ಮಾಡಿ ತಿರುವಿನಲ್ಲಿ ಬಾಗಿದರೆ ಪುಸ್ ಅಂತ ಗಾಳಿ ಬಿಡುತ್ತಿತ್ತು, ಸೀಲಂಟ್ (ತೂತು ಮುಚ್ಚಲು ಒಳಗೆ ಹಾಕುವ ದ್ರವ) ಕಾಲಿಗೆ ಹಾರುತ್ತಿತ್ತು. ಟೇಪ್ ಎರಡು ಪದರ ಸುತ್ತಿದ ಮೇಲೆ ಸ್ವಲ್ಪ ಸುಧಾರಿಸಿತು, ಪೂರ್ತಿ ಅಲ್ಲ. ಕೊನೆಗೆ ಆ ರಿಮ್ ತೆಗೆದು ಹೊಸದು ಹಾಕಿಸಿದೆ. ಟೇಪ್ ಮಾತ್ರ ರಿಮ್ಮಿನ ಒಳ ಅಗಲಕ್ಕಿಂತ ಎರಡು ಮೂರು ಮಿ.ಮೀ. ಜಾಸ್ತಿ ಇರಲಿ, ಬೀಡ್ ಅದರ ಅಂಚಿನ ಮೇಲೆ ಕೂರಬೇಕು. ಕಂಪ್ರೆಸರ್ ಇಲ್ಲದೆ ಬರೀ ಫ್ಲೋರ್ ಪಂಪಿನಲ್ಲಿ ಸಡಿಲ ಟೈರ್ ಕೂರಿಸುವ ಒಂದು ವಿದ್ಯೆ ನನ್ನ ಹತ್ತಿರ ಇದೆ. ಅದನ್ನು ಜೊತೆಗೆ ಸವಾರಿ ಬಂದವರಿಗೆ ಮಾತ್ರ ತೋರಿಸುತ್ತೇನೆ.

ಈಗ ಗಾಳಿಯ ವಿಷಯ. ಇದಕ್ಕೇ ತಿಂಗಳುಗಟ್ಟಲೆ ಹಿಡಿಯಿತು. ಮೊದಲು ಕೊಳ್ಳಬೇಕಾದದ್ದು ಒಳ್ಳೆಯ ಗೇಜ್. ಪಂಪಿನ ಗೇಜ್ 5ರಿಂದ 8 ಪಿಎಸ್‌ಐ ಹೆಚ್ಚು ಕಡಿಮೆ ತೋರಿಸುತ್ತದೆ. 100 ಹಾಕುವಾಗ ಅದು ಲೆಕ್ಕಕ್ಕಿಲ್ಲ. 35 ಹಾಕುವಾಗ ಅದೇ ಎಲ್ಲ. ಇಡೀ ಸೈಕಲ್ಲಿನಲ್ಲಿ ನಾನು ಅತಿ ಕಡಿಮೆ ದುಡ್ಡು ಕೊಟ್ಟ ವಸ್ತು ಆ ಡಿಜಿಟಲ್ ಗೇಜ್, ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದೂ ಅದೇ.

ಶುರು ಮಾಡಲು ಹಳೆಯ ಶೇಕಡ 15ರ ನಿಯಮ ಸಾಕು. ಕೂತಾಗ ಟೈರ್ ತನ್ನ ಎತ್ತರದ ಶೇಕಡ 15ರಷ್ಟು ಇಳಿಯಬೇಕು ಅನ್ನುವುದು. ಆಮೇಲೆ ನಾನು ಇಳಿಜಾರಿನ ಪರೀಕ್ಷೆಗೆ ಕೂತೆ. ಗಾಳಿ ಬೀಸದ ಬೆಳಗಿನ ಹೊತ್ತು, ಒಂದೇ ಇಳಿಜಾರು, ಒಂದೇ ಗುರುತಿನಿಂದ ಪೆಡಲ್ ಮಾಡದೆ ಉರುಳುವುದು. ಅದೇ ಬಟ್ಟೆ, ಅದೇ ಭಂಗಿ, ಬಾಟಲಿಯಲ್ಲಿ ಅಷ್ಟೇ ನೀರು. ಕೆಳಗಿನ ಗುರುತು ದಾಟುವಾಗಿನ ವೇಗ ಬರೆದುಕೊಳ್ಳುವುದು. ಹಳೆಯ 25ರ ಗಾಲಿಗಳನ್ನೂ ಜೊತೆಗೆ ಹೊತ್ತೊಯ್ಯುತ್ತಿದ್ದೆ, ಬದಲಿಸಿ ಬದಲಿಸಿ ಓಡಿಸುತ್ತಿದ್ದೆ.

ನುಣುಪು ಡಾಂಬರಿನಲ್ಲಿ 25ಕ್ಕೂ 42ಕ್ಕೂ ನನಗೆ ವ್ಯತ್ಯಾಸ ಸಿಗಲಿಲ್ಲ. ಒಂದು ದಿನ ಇದು ಮುಂದೆ, ಒಂದು ದಿನ ಅದು. ಜಲ್ಲಿ ಎದ್ದ ಹಳೇ ರಸ್ತೆಯಲ್ಲಿ 42 ಸ್ಪಷ್ಟವಾಗಿ ಮುಂದಿತ್ತು, ಗಂಟೆಗೆ ಸುಮಾರು ಒಂದೂವರೆ ಕಿ.ಮೀ. ವೇಗ ಜಾಸ್ತಿ. 42ರಲ್ಲೇ ಗಾಳಿಯನ್ನು 60ಕ್ಕೆ ಏರಿಸಿದರೆ ಆ ಲಾಭ ಹೊರಟುಹೋಗುತ್ತಿತ್ತು. ಮೈ ಅಲುಗಾಡುವುದರಲ್ಲಿ ಶಕ್ತಿ ವ್ಯರ್ಥವಾಗುತ್ತದೆ ಎಂದು ಸೈಕಲ್ ಪತ್ರಿಕೆ ನಡೆಸುತ್ತಿದ್ದ ಯಾನ್ ಹೈನೆ ಮೊದಲಾದವರು 2006ರ ಹೊತ್ತಿಗೇ ನಿಜವಾದ ರಸ್ತೆಯಲ್ಲಿ ಪರೀಕ್ಷೆ ಮಾಡಿ ಹೇಳಿದ್ದರು. ಅದಕ್ಕೂ ಮೊದಲಿನ ಪರೀಕ್ಷೆಗಳು ಹೆಚ್ಚಾಗಿ ನುಣುಪು ಉಕ್ಕಿನ ಡ್ರಮ್ಮಿನ ಮೇಲೆ ನಡೆದವು. ಡ್ರಮ್ಮಿನ ಮೇಲೆ ಸವಾರನೇ ಇರುವುದಿಲ್ಲ, ಅಲುಗಾಡಲು ಯಾರಿದ್ದಾರೆ? ನನಗೆ ನನ್ನ ಇಳಿಜಾರಿನಲ್ಲಿ ಕಣ್ಣಾರೆ ಕಂಡ ಮೇಲೆ ನೆಮ್ಮದಿ ಆಯಿತು.

ಎಷ್ಟು ಇಳಿಸಬಹುದು ಅನ್ನುವುದಕ್ಕೂ ಕೊನೆ ಇದೆ. ಹಿಂದಿನ ಟೈರಿನ ಗಾಳಿಯನ್ನು 32 ಪಿಎಸ್‌ಐಗೆ ಇಳಿಸಿದಾಗ, ಎದ್ದು ನಿಂತು ತುಳಿದರೆ ಟೈರ್ ಅಕ್ಕಪಕ್ಕ ಮಡಚಿಕೊಳ್ಳುತ್ತಿತ್ತು. ಸೈಡ್‌ವಾಲಿನಲ್ಲಿ ಓರೆ ಗೆರೆಗಳು ಬಿದ್ದವು. ಒಂದು ಗುಂಡಿಯಲ್ಲಿ ರಿಮ್ ನೆಲಕ್ಕೆ ತಾಗಿ ಅಂಚು ಬಗ್ಗಿತು, ಅದನ್ನು ನೆಟ್ಟಗೆ ಮಾಡಿಸಲು ಮತ್ತೆ ಖರ್ಚು. ಆ ಟೈರ್ ಎರಡು ಸಾವಿರ ಕಿ.ಮೀ. ಒಳಗೇ ಸೈಡ್‌ವಾಲ್ ಬಿರಿದು ಹೋಯಿತು. 38 ಪಿಎಸ್‌ಐ ಮೇಲೆ ಆ ಕಾಟ ಯಾವುದೂ ಇಲ್ಲ. ಮುಂದೆ ಮತ್ತು ಹಿಂದೆ ಎಷ್ಟು ವ್ಯತ್ಯಾಸ ಇಡುತ್ತೇನೆ ಎಂದು ಮೇಲೆ ಹೇಳಿದ್ದೇನೆ. ರಾತ್ರಿ ಸವಾರಿಗೆ ಮುಂದಿನದನ್ನು ಇನ್ನೊಂದಿಷ್ಟು ಬದಲಿಸುತ್ತೇನೆ, ಆ ಅಂಕಿ ನಿಮ್ಮ ರಸ್ತೆಯಲ್ಲಿ ನೀವೇ ಹುಡುಕಿಕೊಳ್ಳಿ.

ಮಧ್ಯೆ ಮಧ್ಯೆ ಬೇರೆ ಪ್ರಯೋಗಗಳೂ ನಡೆದವು. ಚೈನಿಗೆ ಎಣ್ಣೆ ಬಿಟ್ಟು ಕರಗಿಸಿದ ಪ್ಯಾರಫಿನ್ ಮೇಣದಲ್ಲಿ ಅದ್ದುವುದು. ಇದು ಗೆದ್ದಿತು. ಮೊದಲ ಸಲ ಚೈನಿನ ಫ್ಯಾಕ್ಟರಿ ಗ್ರೀಸ್ ಪೂರ್ತಿ ತೆಗೆಯಲೇಬೇಕು, ಇಲ್ಲದಿದ್ದರೆ ಮೇಣ ನಿಲ್ಲುವುದಿಲ್ಲ. ಒಂದು ಸಲ ಅದ್ದಿದರೆ ಒಣ ರಸ್ತೆಯಲ್ಲಿ 300 ಕಿ.ಮೀ. ಆರಾಮ. ಮಳೆ ಬಂದರೆ ಕಥೆ ಮುಗಿಯಿತು, 600ಕ್ಕೆ ಹೊರಟಾಗ ದ್ರವ ಮೇಣದ ಚಿಕ್ಕ ಬಾಟಲಿ ಜೊತೆಗಿರಲೇಬೇಕು. ಕ್ರ್ಯಾಂಕ್ 172.5ರಿಂದ 165ಕ್ಕೆ ಇಳಿಸಿದೆ. ಮೊಣಕಾಲಿಗೆ ಹಿತ, ವೇಗದಲ್ಲಿ ಏನೂ ಬದಲಾವಣೆ ಇಲ್ಲ. ಸೀಟ್ ಏಳೆಂಟು ಮಿ.ಮೀ. ಏರಿಸಬೇಕಾಯಿತು. ಟಿಪಿಯು (ತೆಳು ಪ್ಲಾಸ್ಟಿಕ್) ಟ್ಯೂಬ್ ಹಗುರ, ಈ ಅಳತೆಯದು 50 ಗ್ರಾಂ ಇರಬಹುದು, ಮಾಮೂಲಿ ಟ್ಯೂಬಿನ ಮೂರನೇ ಒಂದು ಪಾಲು. ಆದರೆ ಟೈರಿನ ಹೊರಗೆ ಗಾಳಿ ತುಂಬಿಸಿ ತೂತು ಹುಡುಕಲು ಹೋದರೆ ಹಿಗ್ಗಿ ಹಾಳಾಗುತ್ತದೆ, ಮಾಮೂಲಿ ಪ್ಯಾಚೂ ಹಿಡಿಯುವುದಿಲ್ಲ. ನಾನು ಅದನ್ನು ಸ್ಪೇರ್ ಆಗಿ ಮಾತ್ರ ಇಡುತ್ತೇನೆ.

ಮತ್ತೆ ಬೆರಳಿಗೆ ಬರೋಣ. ಹೊಸ ಗಾಲಿಗಳ ಮೊದಲ 400 ಆದ ಮರುದಿನ ಬೆಳಿಗ್ಗೆ ಅಂಗಿಯ ಗುಂಡಿ ಹಾಕಿಕೊಂಡೆ. ಜುಮ್ ಅನ್ನುವುದು ಸ್ವಲ್ಪ ಇತ್ತು, ಎರಡು ದಿನದಲ್ಲಿ ಹೋಯಿತು. ಟೈಮ್ 27 ಗಂಟೆ ಮಿತಿಯಲ್ಲಿ ಮೂರು ಗಂಟೆಗಿಂತ ಜಾಸ್ತಿ ಉಳಿದಿತ್ತು. 25ರ ಟೈರಿನಲ್ಲಿ ಅದೇ ರಸ್ತೆಗೆ ನನಗೆ ಒಂದು ಗಂಟೆಯೂ ಉಳಿದಿರಲಿಲ್ಲ. ಉರುಳುವ ವೇಗ ಅಷ್ಟೇನೂ ಬದಲಾಗಿಲ್ಲ. ಕಂಟ್ರೋಲಿನಲ್ಲಿ (ದಾರಿಯ ತಪಾಸಣೆ ಕೇಂದ್ರ) ಕೈ ಒದರುತ್ತಾ ಕೂರುವುದು, ಸುಮ್ನೆ ನಿಲ್ಲುವುದು ತಪ್ಪಿತು. ಉಳಿದದ್ದೆಲ್ಲಾ ಅಲ್ಲಿ. 600ರಲ್ಲಿ ಇದರ ಲಾಭ ಇನ್ನೂ ದೊಡ್ಡದು, ಎರಡನೇ ದಿನ ಮೈ ಹಣ್ಣಾಗಿರುವುದಿಲ್ಲ. 40 ಗಂಟೆಯಲ್ಲಿ ನಾಲ್ಕು ಗಂಟೆ ಮಲಗಲು ಸಿಕ್ಕಿತು.

2023ರಲ್ಲಿ ಪ್ಯಾರಿಸ್-ಬ್ರೆಸ್ಟ್-ಪ್ಯಾರಿಸ್‌ಗೆ ಇದೇ ಸೈಕಲ್ ಒಯ್ದೆ. 1891ರಲ್ಲಿ ರೇಸ್ ಆಗಿ ಶುರುವಾದದ್ದು, ಈಗ ನಾಲ್ಕು ವರ್ಷಕ್ಕೊಮ್ಮೆ, 1200 ಕಿ.ಮೀ., 90 ಗಂಟೆ. ಲೋಕದ ಸವಾರರ ಪರಿಚಯ ಬೇಕಾದರೆ ಆ ಸ್ಟಾರ್ಟ್ ಲೈನ್ ಹತ್ತಿರ ನಿಲ್ಲಬೇಕು. ಬ್ರಿಟನ್ನಿನವರು ಮಡ್‌ಗಾರ್ಡ್ ಇಲ್ಲದೆ ಬರುವುದು ಅಪರೂಪ, ಸೀಟಿನ ಹಿಂದೆ ಅಡ್ಡಲಾಗಿ ದಪ್ಪ ಬಟ್ಟೆಯ ಚೀಲ. ಫ್ರೆಂಚರಲ್ಲಿ ಹಳಬರ ಚೀಲ ಹ್ಯಾಂಡಲ್ ಮುಂದೆ, ಅದರ ಮೇಲೆ ರೂಟ್ ಶೀಟ್. ಒಬ್ಬ ಜಪಾನಿ ಸವಾರರು ರೈಲಿನಲ್ಲಿ ಒಯ್ಯಲು ಫೋರ್ಕ್ ಸಮೇತ ಬಿಚ್ಚಿ ಚಿಕ್ಕ ಚೀಲಕ್ಕೆ ಹಾಕುವ ಹಾಗೆ ಸೈಕಲ್ ಮಾಡಿಸಿಕೊಂಡಿದ್ದರು, ಅವರದೂ 650ಬಿ. ಭಾಷೆ ಗೊತ್ತಿಲ್ಲ. ಇಬ್ಬರೂ ಪರಸ್ಪರರ ಟೈರ್ ಒತ್ತಿ ನೋಡಿ ನಕ್ಕೆವು. ಮೈ ಮುಚ್ಚಿದ ವೆಲೋಮೊಬೈಲ್, ಇಬ್ಬರು ತುಳಿಯುವ ಟ್ಯಾಂಡಮ್, ಮಡಚುವ ಸೈಕಲ್, ಎಲ್ಲಾ ಅದೇ ರಸ್ತೆಯಲ್ಲಿ.

ಫ್ರಾನ್ಸಿನ ಪಶ್ಚಿಮದ ಬ್ರಿಟನಿ ಪ್ರದೇಶದ ರಸ್ತೆ ಒರಟು, ಜಲ್ಲಿ ಮೇಲೆದ್ದದ್ದು. 700 ಕಿ.ಮೀ. ಆದ ಮೇಲೆ ಸಣ್ಣ ಟೈರಿನವರು ರಸ್ತೆ ಅಂಚಿನ ಬಿಳಿ ಗೆರೆಯ ಮೇಲೆ ಓಡಿಸಲು ನೋಡುತ್ತಿದ್ದರು, ಅಲ್ಲಿ ಒಂದಿಷ್ಟು ನುಣುಪು. ನನಗೆ ಗೆರೆ ಬೇಕಾಗಲಿಲ್ಲ. ಮುಗಿಸಿದಾಗ ಕೈಯಲ್ಲಿ ಇನ್ನೂ ಆರೇಳು ಗಂಟೆ ಇತ್ತು. ಹತ್ತೂ ಬೆರಳು ಸರಿಯಾಗಿದ್ದವು. ಸೀಟಿನ ಕಡೆಯ ಗಾಯ ಬೇರೆ ವಿಷಯ, ಅದಕ್ಕೆ ಟೈರ್ ಏನೂ ಮಾಡುವುದಿಲ್ಲ.

ಅನುಮಾನ ಪಡುವವರಿಗೆ ನಾನು ಹೇಳುವುದು ಡಿರೇಲರ್ (ಚೈನ್ ಸರಿಸಿ ಗೇರ್ ಬದಲಿಸುವ ಸಾಧನ) ಕಥೆ. ಟೂರ್ ದ ಫ್ರಾನ್ಸ್ ಶುರು ಮಾಡಿದ ಆನ್ರಿ ದೆಗ್ರಾಂಜ್ ಗೇರ್ ಬದಲಿಸುವುದಕ್ಕೇ ವಿರೋಧ. ವೆಲೋಸಿಯೊ ಎಂದು ಹೆಸರಾದ ಪಾಲ್ ದ ವಿವಿ ಬೆಟ್ಟಗಳಲ್ಲಿ ಗೇರ್ ಹಾಕಿ ಓಡಿಸಿ ತೋರಿಸಿ ವರ್ಷಗಳಾದರೂ, ಟೂರ್‌ನಲ್ಲಿ ಡಿರೇಲರ್‌ಗೆ ಅನುಮತಿ ಸಿಕ್ಕಿದ್ದು 1937ರಲ್ಲಿ. ಟೈರಿನಲ್ಲೂ ಅದೇ ನಡೆಯುತ್ತಿದೆ. 23ರಲ್ಲೇ ಇದ್ದ ವೃತ್ತಿಪರರು 25, 28 ದಾಟಿ ಈಗ 30ರ ಹತ್ತಿರ ಬಂದಿದ್ದಾರೆ.

ಖರ್ಚಿನ ಕೊನೆಯ ಲೆಕ್ಕ. ಹಿಂದಿನ ಟೈರ್ ನನ್ನ ತೂಕಕ್ಕೆ ನಾಲ್ಕು ಸಾವಿರ ಕಿ.ಮೀ. ಬರುತ್ತದೆ, ಮುಂದಿನದು ಏಳರ ಮೇಲೆ. ಹಿಂದಿನದು ಸವೆದಾಗ ಮುಂದಿನದನ್ನು ಹಿಂದಕ್ಕೆ ಹಾಕಿ, ಹೊಸದನ್ನು ಮುಂದೆ ಹಾಕುತ್ತೇನೆ. ಮುಂದಿನ ಟೈರ್ ಜಾರಿದರೆ ಬೀಳುವುದೇ, ಹಾಗಾಗಿ ಹೊಸದು ಯಾವಾಗಲೂ ಅಲ್ಲಿ. ಸೀಲಂಟ್ ಮೂರು ತಿಂಗಳಿಗೊಮ್ಮೆ, ಸೆಕೆಗಾಲದಲ್ಲಿ ಎರಡಕ್ಕೇ ಒಣಗುತ್ತದೆ. ಗಾಲಿ ಅಲುಗಾಡಿಸಿ ಒಳಗೆ ಸದ್ದು ಬರದಿದ್ದರೆ ತುಂಬಿಸಿ. ಈಗ 48ರ ಟೈರ್ ಒಂದು ಜೊತೆ ತಂದಿಟ್ಟಿದ್ದೇನೆ. ಹಿಂದೆ ಹಿಡಿಸುವುದಿಲ್ಲ, ಮುಂದೆ ಹಿಡಿಸುತ್ತದೆ. ಮುಂದೆ 48, ಹಿಂದೆ 42 ಹಾಕಿ ಬರುವ 300ಕ್ಕೆ ಹೊರಡುತ್ತಿದ್ದೇನೆ. ಮುಂದಿನ ಟೈರಿನ ಗಾಳಿಯನ್ನು 28 ಪಿಎಸ್‌ಐನಿಂದ ಶುರು ಮಾಡುವ ಯೋಚನೆ ಇದೆ.