ಅರ್ಧ ಗ್ರಾಂ ಜಗಳ, ನಾಲ್ಕು ಹಿತ್ತಾಳೆ ಕಲ್ಲು

ಈ ಸಲ ಕೊಪ್ಪಳದಲ್ಲಿ ನಮ್ಮ ಮಕ್ಕಳ ಪುಟ್ಟ ಕಟ್ಟಿಗೆ ಕಾರುಗಳ ಇಳಿಜಾರು ರೇಸಿಗೆ ಮೂವತ್ತೆಂಟೋ ನಲವತ್ತೋ ಕಾರು ತೂಗಿದೆ. ಒಂದೂ ತಕರಾರಿಲ್ಲ. "ಈ ಆಟಿಗಿ ತಕ್ಕಡಿಯಾಗ ಏನ್ ತೂಗ್ತೀರಿ ಸರ?" ಅಂತ ನಕ್ಕವರೇ ಮಗನ ಕಾರು ಹಿಡಿದು ಸಾಲಿನಲ್ಲಿ ನಿಂತಿದ್ದರು.

ನಿಯಮ ಅಮೆರಿಕದ ಸ್ಕೌಟ್ ಹುಡುಗರ ಪೈನ್‌ವುಡ್ ಡರ್ಬಿಯದು: 5 ಔನ್ಸ್ ಮೀರಬಾರದು. 141.7 ಗ್ರಾಂ ಆಗುತ್ತದೆ, ನಾವು 142 ಅಂತ ಇಟ್ಟುಕೊಂಡೆವು. ಭಾರದ ಕಾರು ಜೋರು ಓಡುತ್ತದೆ, ಅದಕ್ಕೇ ಎಲ್ಲರೂ 141.9ಕ್ಕೇ ತಂದು ನಿಲ್ಲಿಸುತ್ತಾರೆ, ಜಗಳ ಹುಟ್ಟುವುದೇ ಅಲ್ಲಿ.

ಮೊದಲ ವರ್ಷ ₹400ರ ಅಡುಗೆಮನೆ ತಕ್ಕಡಿ, ದಂಡ. ಮರುವರ್ಷ ₹650 ಕೊಟ್ಟು ಚುಕ್ಕೆ ಮುಂದೆ ಎರಡಂಕಿ ತೋರಿಸುವುದನ್ನು ತರಿಸಿದೆ. ಗೆದ್ದ ಕಾರನ್ನು ಆಮೇಲೆ ಬಂಗಾರದಂಗಡಿಯಲ್ಲಿ ತೂಗಿಸಿದರೆ 143! ನನ್ನ ತಟ್ಟೆ ಚಿಕ್ಕದು, ಹಿಂದಿನ ಗಾಲಿ ಆಚೆ ಇಳಿದು ತಕ್ಕಡಿಯ ಮೈಗೆ ತಾಗಿತ್ತು, ಒಂದಿಷ್ಟು ಭಾರ ಅದೇ ಹೊತ್ತಿತ್ತು. ಸೋತ ಹುಡುಗನ ಅಪ್ಪ ಇವತ್ತಿಗೂ ನನ್ನ ಜೊತೆ ಮಾತಾಡಲ್ಲ. ಈಗ ತಟ್ಟೆ ಮೇಲೆ ಸ್ಟೀಲ್ ಬಟ್ಟಲು ಬೋರಲು ಹಾಕಿ, ಸೊನ್ನೆ ಒತ್ತಿ, ಕಾರಿನ ಹೊಟ್ಟೆ ಅದರ ಮೇಲೆ ಕೂರಿಸುತ್ತೇನೆ. ನಾಲ್ಕೂ ಗಾಲಿ ಗಾಳಿಯಲ್ಲಿ.

ಬಂಗಾರದಂಗಡಿಯವರ ತಕ್ಕಡಿಯನ್ನೇ ಒಂದು ದಿನಕ್ಕೆ ಕೇಳಿದೆ. "ಮುದ್ರಿ ಹಾಕಿದ್ದು, ಅಂಗಡಿ ಬಿಟ್ಟು ಹೊರಗ ಹೋಗಂಗಿಲ್ಲ" ಅಂದರು. ಸರಿ, ಅಲ್ಲೇ ತೂಗಿ 142ರ ಒಂದು ಮಾದರಿ ಕಾರು ಮಾಡಿಟ್ಟೆ, ಕಿನ್ನಾಳದ ಗೊಂಬೆಯವರು ಬಳಸುವ ಹಗುರ ಕಟ್ಟಿಗೆಯದು. ಜುಲೈ ಮಳೆಯಲ್ಲಿ ಅದು ನೀರು ಕುಡಿದು ಹತ್ತಿರತ್ತಿರ ಒಂದು ಗ್ರಾಂ ದಪ್ಪಗಾಯಿತು! ಹುಡುಗರು "ಸರ, ನಿನ್ನೆ ಪಾಸ್ ಇತ್ತು" ಅಂತ ಅಳೋದಕ್ಕೂ ಇದೇ ಕಾರಣ.

ಕೊನೆಗೆ ಸರ್ಕಾರಿ ಮುದ್ರೆಯ ಹಿತ್ತಾಳೆ ಕಲ್ಲು ಕೊಂಡೆ: 100, 20, 20, 2 ಗ್ರಾಂ, ಕೂಡಿದರೆ 142. ಎಲ್ಲ ಸೇರಿ ₹900ರ ಆಸುಪಾಸು. ತಕ್ಕಡಿ ಅರ್ಧ ಗಂಟೆ ಮೊದಲೇ ಹಚ್ಚಿ ಕಲ್ಲು ಇಡುತ್ತೇನೆ. 141.87 ತೋರಿಸಿತೋ, ಆವತ್ತಿನ ಮಿತಿ 141.87, ಅಷ್ಟೇ. ಐದು ಕಾರಿಗೊಮ್ಮೆ ಕಲ್ಲು ಮತ್ತೆ ತಟ್ಟೆಗೆ, ಎಲ್ಲರ ಕಣ್ಣೆದುರಿಗೆ. ದಿಲ್ಲಿಯಲ್ಲಿ ಸರಿಮಾಡಿದ ತಕ್ಕಡಿ ಗುರುತ್ವದ ವ್ಯತ್ಯಾಸದಿಂದಲೇ ಇಲ್ಲಿ ಸುಮಾರು 0.1 ಗ್ರಾಂ ಕಡಿಮೆ ತೋರಿಸುತ್ತದೆ, ಆ ತಲೆನೋವೂ ಕಲ್ಲಿನಲ್ಲೇ ಮುಗಿಯಿತು. ಫ್ಯಾನ್ ಮಾತ್ರ ಬಂದ್. ಏಪ್ರಿಲ್ ಸೆಕೆಯಲ್ಲಿ ಬೈಸಿಕೊಂಡೆ, ಆದರೆ ಗಾಳಿಗೆ ಅಂಕಿ ಕುಣಿಯುತ್ತದೆ.

ನಡುವೆ ಕಲ್ಲಿನ ಬದಲು ನಾಣ್ಯ ನಡೆಯುತ್ತದಾ ಅಂತಲೂ ನೋಡಿದೆ. 2019ಕ್ಕೆ ಮೊದಲಿನ ₹10ರ ನಾಣ್ಯ 7.71 ಗ್ರಾಂ, ಹತ್ತು ಇಟ್ಟರೆ 77.1 ಬರಬೇಕು. ಸಂತೆಯಲ್ಲಿ ತಿರುಗಿ ಸವೆದವು ಸ್ವಲ್ಪ ಕೈಕೊಟ್ಟವು, ಸವೆಯದವು ಪರವಾಗಿಲ್ಲ. ಮನೆಯಲ್ಲಿ ತಕ್ಕಡಿ ನೋಡಿಕೊಳ್ಳಲು ಸಾಕು.

ಆ 142ರೊಳಗಿನ ಭಾರವನ್ನು ಕಾರಿನ ಯಾವ ಜಾಗದಲ್ಲಿ ಹುದುಗಿಸಬೇಕು ಅಂತ ಸುಮಾರು ಮಂದಿ ಕೇಳಿದ್ದಾರೆ. ಅದನ್ನು ಈಗ ಹೇಳಲ್ಲ. ಮುಂದಿನ ವರ್ಷ ನನ್ನ ಮಗಳೂ ಓಡಿಸುತ್ತಾಳೆ, ಆವತ್ತು ತೂಗೋರು ಬೇರೆಯವರು.